ಬೇಕು – ಬೇಡ

ಇಪ್ಪತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ‘ಸರಿಯಾದ ಉತ್ತರಕ್ಕೆ ಗುರುತು ಹಾಕಿ’ ಎಂದು ಪ್ರಶ್ನೆಪತ್ರಿಕೆ ಬರೆದುಕೊಟ್ಟವಳು ನಾನು. ಅಂಥ ಎರಡು ಚೌಕಗಳು ನನ್ನ ಮುಂದೆಯೇ ಬಂದಾಗ ಪೆನ್ನು ಹಿಡಿದ ಕೈ ಸುಮ್ಮನೆ ಕೂತುಬಿಟ್ಟಿತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಒಪ್ಪಿಗೆ ಪತ್ರದ ಏಳನೆಯ ಪುಟದಲ್ಲಿ ಆ ಚೌಕಗಳಿದ್ದವು. ‘ನನ್ನ ರಕ್ತದ ಪರೀಕ್ಷೆಯಲ್ಲಿ ನನ್ನ ಆರೋಗ್ಯಕ್ಕೆ ಸಂಬಂಧಿಸಿದ ಅಂಶ ಕಂಡುಬಂದರೆ ನನಗೆ ತಿಳಿಸುವುದು ಬೇಕು’ ಎಂದು ಒಂದು, ‘ಬೇಡ’ ಎಂದು ಇನ್ನೊಂದು. ನಾನು ‘ಬೇಡ’ಕ್ಕೆ ಗುರುತು ಹಾಕಿದೆ. ಇದು 2022ರ ಮಾತು. ಅಂದಿನಿಂದ ಅದು ಸರಿ ಉತ್ತರವೋ ತಪ್ಪು ಉತ್ತರವೋ ಎಂದು ನನ್ನೊಳಗೆ ಪರೀಕ್ಷೆ ನಡೆಯುತ್ತಲೇ ಇದೆ.

ನಾನು ಅಲ್ಲಿಗೆ ಹೋದದ್ದು ನನಗಾಗಿ ಅಲ್ಲ, ನಮ್ಮಮ್ಮನಿಗಾಗಿ. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರಲ್ಲ, ನಮ್ಮಮ್ಮನಿಗೆ ಅದು ಬಂದದ್ದು ಎಪ್ಪತ್ತು ದಾಟಿ ಆರು ವರ್ಷವಾದ ಮೇಲೆ. ಮೊದಲು ಅದನ್ನು ವಯಸ್ಸು ಅಂದುಕೊಂಡೆವು. ಸಾರಿಗೆ ಎರಡು ಸಲ ಉಪ್ಪು ಬಿತ್ತು, ಮಾತಾಡುತ್ತ ಮಾತಾಡುತ್ತ ಪಕ್ಕದ ಮನೆಯವರ ಹೆಸರು ಜಾರಿಹೋಯಿತು. ಇಂಥವು ಯಾರ ಮನೆಯಲ್ಲಿ ಇಲ್ಲ ಹೇಳಿ. ತಮ್ಮಂದಿರಿಬ್ಬರೂ ಬೇರೆ ಬೇರೆ ಊರಿನಲ್ಲಿದ್ದರು. ಅಮ್ಮನನ್ನು ಇಟ್ಟುಕೊಳ್ಳುವುದು ಗಂಡುಮಕ್ಕಳ ಕರ್ತವ್ಯ ಎಂದು ಮಾತಿನಲ್ಲಿ ಎಲ್ಲರೂ ಒಪ್ಪುತ್ತಿದ್ದರು, ಆದರೆ ಅಮ್ಮ ಮಾತ್ರ ಅರಸೀಕೆರೆಯ ನಮ್ಮ ಮನೆಗೇ ಬಂದರು. ನಮ್ಮ ಯಜಮಾನರು ಅದಕ್ಕೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ.

ಬಂದ ಹೊಸತರಲ್ಲಿ ಒಂದು ದಿನ ಅಡುಗೆಮನೆಯ ಡಬ್ಬಿ ತೆಗೆದರೆ ತೊಗರಿಬೇಳೆಯ ಮೇಲೊಂದು ಚೀಟಿ ಇತ್ತು. ‘ಇದು ತೊಗರಿಬೇಳೆ. ಗ್ಯಾಸ್ ಆರಿಸು’ ಎಂದು ಅಮ್ಮನ ದುಂಡನೆಯ ಅಕ್ಷರ. ಆಮೇಲೆ ಹುಡುಕಿದರೆ ದಿಂಬಿನ ಕೆಳಗೆ, ಸೆರಗಿನ ಗಂಟಿನಲ್ಲಿ, ದೇವರ ಪಟದ ಹಿಂದೆ, ಎಲ್ಲ ಕಡೆ ಚೀಟಿಗಳು. ಒಂದರಲ್ಲಿ ನನ್ನ ಹೆಸರು ಬರೆದು ಪಕ್ಕದಲ್ಲಿ ‘ಮಗಳು’ ಎಂದು ಬರೆದಿತ್ತು. ಅಂದರೆ ಅಮ್ಮನಿಗೆ ಗೊತ್ತಿತ್ತು. ನಮಗೆ ಗೊತ್ತಾಗುವ ಎಷ್ಟೋ ಮೊದಲೇ ಗೊತ್ತಾಗಿ, ಯಾರಿಗೂ ಹೇಳದೆ ಒಬ್ಬರೇ ಆ ಹೆದರಿಕೆಯನ್ನು ಬಚ್ಚಿಟ್ಟುಕೊಂಡಿದ್ದರು. ಎರಡು ವರ್ಷ ಕಳೆದ ಮೇಲೆ ಚೀಟಿ ಬರೆಯುವುದೂ ನಿಂತಿತು, ಹೆದರಿಕೆಯೂ ಹೋಯಿತು. ಜಗುಲಿಯ ಮೇಲೆ ಕೂತು ಹೂ ಕಟ್ಟುವ ಹಾಗೆ ಬರಿಗೈ ಆಡಿಸುತ್ತಾ ನಗುನಗುತ್ತಾ ಇರುತ್ತಿದ್ದರು. ಮರೆವಿಗಿಂತ ಮರೆಯುತ್ತಿದ್ದೇನೆ ಎಂಬ ಅರಿವೇ ಹೆಚ್ಚು ನೋಯಿಸುತ್ತದೆ ಎಂದು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಆಗ. ‘ಬೇಡ’ಕ್ಕೆ ಗುರುತು ಹಾಕಿದ ಕೈಗೆ ಬಲ ಬಂದದ್ದೂ ಅಲ್ಲಿಂದಲೇ.

ಸಂಸ್ಥೆಯ ಹೆಣ್ಣುಮಗಳು, ನನ್ನ ಶಿಷ್ಯೆಯಾಗಿರಬಹುದಾದ ವಯಸ್ಸಿನವಳು, ಬಹಳ ತಾಳ್ಮೆಯಿಂದ ವಿವರಿಸಿದಳು. ಕಾಯಿಲೆಯವರ ರಕ್ತ ಎಷ್ಟು ಮುಖ್ಯವೋ ಕಾಯಿಲೆ ಇಲ್ಲದವರದೂ ಅಷ್ಟೇ ಮುಖ್ಯವಂತೆ. ಸಾಮಾನ್ಯ ಎಂದರೆ ಎಷ್ಟು ಎಂದು ತಿಳಿಯದೆ ಅಸಾಮಾನ್ಯವನ್ನು ಗುರುತಿಸುವುದು ಹೇಗೆ? ಹೊರದೇಶದವರ ರಕ್ತದಲ್ಲಿ ಕಂಡ ಅಳತೆಯನ್ನೇ ನಮ್ಮ ಹಳ್ಳಿಯ, ನಮ್ಮ ಊಟದ, ನಮ್ಮ ಸಕ್ಕರೆ ಕಾಯಿಲೆಯ ಜನರಿಗೆ ಹಚ್ಚಿದರೆ ಲೆಕ್ಕ ತಪ್ಪೀತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ 45 ದಾಟಿದ ಹೆಂಗಸರು ಗಂಡಸರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿರುವುದೂ ಇದೇ ಕಾರಣಕ್ಕೆ; ಸುಮಾರು 10,000 ಜನರನ್ನು ಸೇರಿಸಿಕೊಳ್ಳುವ ಗುರಿ ಅವರದು. ನಾನು ಹೋದದ್ದು ಅದಕ್ಕಲ್ಲ, ಬೇರೊಂದು ಚಿಕ್ಕ ಅಧ್ಯಯನಕ್ಕೆ. ಅಮ್ಮ ರೋಗಿಯ ಲೆಕ್ಕದಲ್ಲಿ, ನಾನು ಆರೋಗ್ಯವಂತರ ಲೆಕ್ಕದಲ್ಲಿ.

ಪ್ರಶ್ನೆಗಳ ನಡುವೆ ಆಕೆ, “ಮೇಡಂ, ಕೂದಲಿಗೆ ಅಂತ ಏನಾದರೂ ಮಾತ್ರೆ ತಗೋತೀರಾ?” ಎಂದಳು. ನನಗೆ ನಗು ಬಂತು. ನನ್ನ ಜಡೆ ನೋಡಿ ಕನಿಕರಪಟ್ಟಳೋ ಏನೋ ಅಂದುಕೊಂಡೆ. ವಿಷಯ ಅದಲ್ಲ. ಕೂದಲು, ಉಗುರಿಗೆಂದು ನಾವು ಹೆಂಗಸರು ತಿನ್ನುವ ಮಾತ್ರೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಬಹಳಷ್ಟಿರುತ್ತದೆ. ರಕ್ತ ಅಳೆಯುವ ಅನೇಕ ಯಂತ್ರಗಳು ತಮ್ಮ ಕೆಲಸಕ್ಕೂ ಅದೇ ಬಯೋಟಿನ್ನನ್ನು ಅಂಟಿನ ಹಾಗೆ ಬಳಸುತ್ತವೆ. ರಕ್ತದಲ್ಲೂ ಅದು ತುಂಬಿಕೊಂಡಿದ್ದರೆ ಅಂಟಬೇಕಾದದ್ದು ಅಂಟುವುದಿಲ್ಲ, ಅಂಕಿ ತಪ್ಪುತ್ತದೆ. ಥೈರಾಯ್ಡೇ ಕೆಟ್ಟಿಲ್ಲದವಳಿಗೆ ಕೆಟ್ಟಿದೆ ಎಂದೀತು. ಎದೆನೋವಿನಲ್ಲಿ ಅಳೆಯುವ ಟ್ರೋಪೋನಿನ್ ಇದ್ದದ್ದಕ್ಕಿಂತ ಕಡಿಮೆ ತೋರೀತು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹೀಗೆ ಟ್ರೋಪೋನಿನ್ ತಪ್ಪಾಗಿ ಕಡಿಮೆ ಬಂದದ್ದಕ್ಕೆ ಸಂಬಂಧಿಸಿ ಒಂದು ಸಾವು ವರದಿಯಾದದ್ದನ್ನೂ ಅದರಲ್ಲಿ ಹೇಳಿತ್ತು. ರಕ್ತಪರೀಕ್ಷೆಗೆ ಹೋಗುವಾಗ ಕೂದಲಿನ ಮಾತ್ರೆಯನ್ನೂ ಡಾಕ್ಟರಿಗೆ ಹೇಳಿ, ನಾಚಿಕೊಳ್ಳಬೇಡಿ.

ವಿಜ್ಞಾನ ನನ್ನ ವಿಷಯವಲ್ಲ. ನಾನು ಕನ್ನಡ, ಸಮಾಜ ಪಾಠ ಮಾಡುವವಳು. ಊರಿಗೆ ಬಂದ ಮೇಲೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಹಿಡಿದು ಎರಡು ಸಂಜೆ ಪಾಠ ಹೇಳಿಸಿಕೊಂಡೆ. ಮಕ್ಕಳು ಆಟದ ಮೈದಾನದ ಮರಳಿನಲ್ಲಿ ಅಯಸ್ಕಾಂತ ಎಳೆದು ಕಬ್ಬಿಣದ ಪುಡಿ ಹಿಡಿಯುವುದಿಲ್ಲವೇ, ಹೆಚ್ಚು ಕಡಿಮೆ ಅದೇ ಆಟ. ನಮಗೆ ಬೇಕಾದ ಒಂದೇ ಒಂದು ವಸ್ತುವನ್ನು ಮಾತ್ರ ಅಪ್ಪಿಕೊಳ್ಳುವ ಪ್ರತಿಕಾಯವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಾಂತದ ಮಣಿಗಳಿಗೆ ಅಂಟಿಸುತ್ತಾರೆ. ರಕ್ತದ ತಿಳಿಯನ್ನು ಅದಕ್ಕೆ ಬೆರೆಸಿದರೆ ಸಾವಿರಾರು ವಸ್ತುಗಳ ನಡುವೆ ಅದೊಂದು ಮಾತ್ರ ಮಣಿಗೆ ಸಿಕ್ಕಿಬೀಳುತ್ತದೆ. ಅದರ ಮೇಲೆ ಬೆಳಕು ಕೊಡುವ ಗುರುತು ಹೊತ್ತ ಇನ್ನೊಂದು ಪ್ರತಿಕಾಯ ಬಂದು ಕೂರುತ್ತದೆ. ಮಣಿಗಳನ್ನು ಅಯಸ್ಕಾಂತದಿಂದ ಹಿಡಿದು ಉಳಿದದ್ದನ್ನೆಲ್ಲ ಅಕ್ಕಿ ತೊಳೆದ ಹಾಗೆ ತೊಳೆದು ಚೆಲ್ಲುತ್ತಾರೆ. ಕೊನೆಗೆ ಹೊಮ್ಮುವ ಬೆಳಕು ಎಷ್ಟು ಎಂದು ಅಳೆದರೆ ವಸ್ತು ಎಷ್ಟಿತ್ತು ಎಂದು ಗೊತ್ತಾಗುತ್ತದೆ. ಇದಿಷ್ಟನ್ನೂ ಮನುಷ್ಯರ ಕೈ ಸೋಕದೆ ಯಂತ್ರವೇ ಮಾಡುತ್ತದೆ. ಗಾಜಿನ ಆಚೆ ಅದನ್ನು ನಾನು ನೋಡಿದೆ. ಬೀರುವನ್ನು ಅಡ್ಡ ಮಲಗಿಸಿದ ಹಾಗೆ ಇತ್ತು. ಟ್ಯೂಬುಗಳು ಸಾಲಾಗಿ ಒಳಗೆ ಹೋಗುತ್ತಿದ್ದವು, ಸೂಜಿಯೊಂದು ಇಳಿದು ಹೀರಿ ಏಳುತ್ತಿತ್ತು. ಟ್ಯೂಬಿನ ಮೇಲೆ ಹೆಸರಿಲ್ಲ, ಬರಿಯ ಗೆರೆಗಳ ಚೀಟಿ. ದಿನದ ಮೊದಲ ಕೆಲಸ ಉತ್ತರ ಗೊತ್ತಿರುವ ಮಾದರಿಗಳನ್ನು ಯಂತ್ರಕ್ಕೆ ಕೊಟ್ಟು ಅದು ಸರಿ ಹೇಳುತ್ತದೆಯೇ ಎಂದು ನೋಡುವುದಂತೆ. ಪರವಾಗಿಲ್ಲ, ಯಂತ್ರಕ್ಕೂ ಕಿರುಪರೀಕ್ಷೆ ಇದೆ ಎಂದುಕೊಂಡೆ.

ಅಮ್ಮನ ರಕ್ತದಲ್ಲಿ ಮೊದಲು ಬಿ12, ಥೈರಾಯ್ಡ್ ನೋಡಿದರು. ಅವೆರಡರ ಕೊರತೆಯಿಂದಲೂ ಮರೆವು ಬರುತ್ತದೆ, ಅದನ್ನು ಔಷಧದಿಂದ ಸರಿಪಡಿಸಬಹುದು. ಅವು ಸರಿಯಾಗಿಯೇ ಇದ್ದವು. ಸಂಶೋಧನೆಗೆ ಬೇಕಾದದ್ದು ಬೇರೆ: ಟೌ ಎಂಬ ಪ್ರೋಟೀನಿನ ಒಂದು ರೂಪ, ಪಿ-ಟೌ 217. ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಕಸ ಸೇರತೊಡಗಿದಾಗ ಇದು ರಕ್ತದಲ್ಲಿ ಏರುತ್ತದೆ. ಅಳತೆ ಪಿಕೋಗ್ರಾಮುಗಳಲ್ಲಿ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗದ ಲೆಕ್ಕದಲ್ಲಿ. ಆ ಕಸ ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಕೂಡತೊಡಗುತ್ತದಂತೆ. ಅಂದರೆ ಈಗ ನನ್ನ ವಯಸ್ಸಿನಲ್ಲಿ.

ಇಷ್ಟು ಸೂಕ್ಷ್ಮವನ್ನು ಅಳೆಯುವ ದಾರಿ ತೆರೆದವರು ಒಬ್ಬ ಹೆಂಗಸು ಎಂದು ಮೇಷ್ಟ್ರು ಹೇಳಿದಾಗ ನನಗೆ ಹುಮ್ಮಸ್ಸು ಬಂತು. ರೋಸಲಿನ್ ಯಾಲೋ, ನ್ಯೂಯಾರ್ಕಿನ ಸಾಮಾನ್ಯ ಮನೆಯ ಹುಡುಗಿ. ಮನೆಯವರಿಗೆ ಆಕೆ ಪ್ರಾಥಮಿಕ ಶಾಲೆಯ ಟೀಚರಾದರೆ ಸಾಕು ಎಂದಿತ್ತಂತೆ! (ನಮ್ಮಪ್ಪನೂ ಹಾಗೇ ಅಂದಿದ್ದರು, ನಾನು ಕೇಳಿದೆ, ಆಕೆ ಕೇಳಲಿಲ್ಲ.) 1941ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿಗೆ ಹೋದಾಗ ಅಲ್ಲಿನ ನಾನೂರು ಜನ ಬೋಧಕರಲ್ಲಿ ಆಕೆ ಒಬ್ಬಳೇ ಹೆಂಗಸು. ಮುಂದೆ ಬ್ರಾಂಕ್ಸಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಡಾಕ್ಟರ್ ಸಾಲೊಮನ್ ಬರ್ಸನ್ ಜೊತೆ ಸೇರಿ, ಇನ್ಸುಲಿನ್ ತೆಗೆದುಕೊಂಡ ರೋಗಿಗಳ ರಕ್ತದಲ್ಲಿ ಅದಕ್ಕೆದುರಾಗಿ ಪ್ರತಿಕಾಯ ಹುಟ್ಟುವುದನ್ನು ಕಂಡರು. ಆ ಲೇಖನವನ್ನು ಪತ್ರಿಕೆಯವರು ಮೊದಲು ತಿರಸ್ಕರಿಸಿದರು. ಆಕೆ ಆ ತಿರಸ್ಕಾರ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡು, 1977ರಲ್ಲಿ ನೊಬೆಲ್ ಬಂದಾಗ ಭಾಷಣದಲ್ಲೇ ತೋರಿಸಿದರು. ನನಗೆ ಬಹಳ ಇಷ್ಟವಾದ ಸಂಗತಿ ಇದು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ತನ್ನ ಲೇಖನಗಳಲ್ಲೆಲ್ಲ ಅವರ ಹೆಸರು ಇರಲೆಂದು ಪ್ರಯೋಗಾಲಯಕ್ಕೇ ಅವರ ಹೆಸರಿಡಿಸಿದ್ದರು. ವಿಧಾನಕ್ಕೆ ಇಬ್ಬರೂ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಆಗ ಬೆಳಕಿನ ಗುರುತಿನ ಬದಲು ವಿಕಿರಣದ ಗುರುತಿತ್ತು. 1971ರಲ್ಲಿ ಸ್ವೀಡನ್ನಿನ ಇವಾ ಎಂಗ್‌ವಾಲ್ ಎಂಬಾಕೆ ಪೀಟರ್ ಪರ್ಲ್‌ಮನ್ ಜೊತೆ ವಿಕಿರಣದ ಜಾಗಕ್ಕೆ ಕಿಣ್ವ ತಂದರು. ಅವರೆಲ್ಲರ ಹೆಸರು ನಮಗೆ ಗೊತ್ತು. ತೋಳು ಚಾಚಿ ರಕ್ತ ಕೊಟ್ಟ ಆ ಸಕ್ಕರೆ ಕಾಯಿಲೆಯವರ ಹೆಸರು ನಮಗೆ ಗೊತ್ತಿಲ್ಲ.

ಈಗ ನನ್ನನ್ನು ನಿಜವಾಗಿ ಕಾಡುವ ಸಂಗತಿಗೆ ಬರುತ್ತೇನೆ.

ಅಮ್ಮನಿಗೆ ಬುದ್ಧಿಯ ಸ್ಥಿಮಿತ ಇಲ್ಲದ್ದರಿಂದ ಅವರ ಪರವಾಗಿ ನಾನು ಸಹಿ ಮಾಡಬಹುದಿತ್ತು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿ ನಿಯಮಗಳು ಇದಕ್ಕೆ ಅವಕಾಶ ಕೊಡುತ್ತವೆ. ಆದರೂ ಆ ಹುಡುಗಿ ಅಮ್ಮನ ಮುಂದೆ ಕುಕ್ಕುರುಗಾಲಲ್ಲಿ ಕೂತು, “ಅಜ್ಜಿ, ಸ್ವಲ್ಪ ರಕ್ತ ತಗೊಳ್ಳಲಾ?” ಎಂದು ಕೇಳಿದಳು. ಪೆನ್ನನ್ನೂ ಕೈಗೆ ಕೊಟ್ಟಳು. ಅಮ್ಮ ನನ್ನ ಕಡೆ ತಿರುಗಿ, “ಕಾಗದ ಯಾರಿಗೆ?” ಎಂದರು. ನಾನು ಉತ್ತರ ಕೊಡುವ ಮೊದಲೇ ಸಹಿಯ ಜಾಗದಲ್ಲಿ ‘ಕ್ಷೇಮ’ ಎಂದು ಬರೆದರು. ಹಿಂದೆ ತವರಿಗೆ ಬರೆಯುತ್ತಿದ್ದ ಕಾಗದಗಳೆಲ್ಲ ಹಾಗೇ ಶುರುವಾಗುತ್ತಿದ್ದವು. ಮುಂದೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಾಗೇ ನಿಂತಿತು.

ಸೂಜಿ ಕಂಡೊಡನೆ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. “ಬೇಡ, ಬೇಡ” ಎಂದರು. ರಕ್ತ ತೆಗೆಯುವಾಕೆ ಅಲ್ಲಿಗೇ ನಿಲ್ಲಿಸಿ, “ಅಜ್ಜಿ ಬೇಡ ಅಂದರೆ ಬಿಡೋಣ ಮೇಡಂ” ಎಂದಳು. ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮುಂಜಾನೆಯ ರೈಲಿಗೆ ಬಂದದ್ದು, ರಜೆ ಹಾಕಿದ್ದು, ಮಗಳು ಆಫೀಸಿಗೆ ಹೋಗದೆ ಜೊತೆಗಿದ್ದದ್ದು ಎಲ್ಲ ನನ್ನ ತಲೆಯಲ್ಲಿತ್ತು. “ಅಮ್ಮಾ, ಕೈ ಚಾಚು. ಒಳ್ಳೆಯವಳಲ್ಲವಾ ನೀನು” ಎಂದೆ. ಮಾತೇನೋ ಮೆತ್ತಗಿತ್ತು, ದನಿ ಮಾತ್ರ ಏಳನೇ ತರಗತಿಯ ಹಿಂದಿನ ಬೆಂಚಿಗೆ ನಾನು ಹಾಕುವ ದನಿ. ಅಮ್ಮ ನನ್ನ ಮುಖ ನೋಡಿದರು, ಮೇಡಮ್ಮನ್ನು ನೋಡುವ ಮಗುವಿನ ಹಾಗೆ. ಕೈ ಚಾಚಿದರು. ನೇರಳೆ ಮುಚ್ಚಳದ ಟ್ಯೂಬು ಒಂದಾದ ಮೇಲೊಂದು, ಮೂರು ತುಂಬಿದವು.

ಅದು ಒಪ್ಪಿಗೆಯೇ? ಬಾಗಿಲಿಗೆ ಬಂದ ಯಾರನ್ನೂ ಮಜ್ಜಿಗೆ ಕೊಡದೆ ಕಳಿಸಿದವರಲ್ಲ ನಮ್ಮಮ್ಮ. ನಾಲ್ಕು ಜನರಿಗೆ ಉಪಯೋಗವಾಗುತ್ತದೆ ಎಂದಿದ್ದರೆ ಬುದ್ಧಿ ನೆಟ್ಟಗಿದ್ದ ಕಾಲದಲ್ಲಿ ತಾವೇ ಸೆರಗು ಸರಿಸಿ ತೋಳು ಚಾಚುತ್ತಿದ್ದರು. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಕೊಡುವ ಗುಣದವರಿಂದ ತೆಗೆದುಕೊಂಡರೂ ತೆಗೆದುಕೊಂಡದ್ದು ತೆಗೆದುಕೊಂಡದ್ದೇ. ಅವರು ಬೇಡ ಎಂದಿದ್ದರು. ಆ ‘ಬೇಡ’ ಹಿಂದಿನ ಅಮ್ಮನದಲ್ಲ, ಕಾಯಿಲೆಯದು ಎನ್ನುವಿರಾ? ಹಾಗಾದರೆ ಆ ಹೊತ್ತು ಸೂಜಿಯ ನೋವು ತಿಂದದ್ದು ಹಿಂದಿನ ಅಮ್ಮನೇ, ಈಗಿನ ಅಮ್ಮನೇ?

1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಐವತ್ತೊಂದು ವರ್ಷದ ಆಗುಸ್ಟೆ ಎಂಬಾಕೆಯನ್ನು ಡಾಕ್ಟರ್ ಅಲೋಯ್ಸ್ ಆಲ್ಝೈಮರ್ ಪರೀಕ್ಷಿಸಿದರು. ಕಾಯಿಲೆಗೆ ಅವರ ಹೆಸರು ಬಂದದ್ದು ಈಕೆಯಿಂದಲೇ. 1906ರಲ್ಲಿ ಆಕೆ ತೀರಿಕೊಂಡಾಗ ಮ್ಯೂನಿಕ್ಕಿನಲ್ಲಿದ್ದ ಆಲ್ಝೈಮರ್ ಮಿದುಳನ್ನು ಅಲ್ಲಿಗೆ ತರಿಸಿಕೊಂಡರು. 1990ರ ದಶಕದಲ್ಲಿ ಆಕೆಯ ಕಡತ, ಮಿದುಳಿನ ಗಾಜಿನ ಸ್ಲೈಡುಗಳು ಮತ್ತೆ ಸಿಕ್ಕವು. ಅವುಗಳಿಂದ ಲೋಕಕ್ಕೆ ಆದ ಪ್ರಯೋಜನವನ್ನು ನಾನು ಅಲ್ಲಗಳೆಯಲಾರೆ. ನಮ್ಮಮ್ಮನ ಮೂರು ಟ್ಯೂಬಿನ ತಿಳಿಯೂ ಮೈನಸ್ ಎಂಬತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ ಇನ್ನೂ ಇರಬೇಕು. ಅಮ್ಮ 2023ರ ಕಾರ್ತಿಕದಲ್ಲಿ ಹೋದರು. ಬೂದಿಯನ್ನು ಶ್ರೀರಂಗಪಟ್ಟಣದಲ್ಲಿ ನೀರಿಗೆ ಬಿಟ್ಟು ಬರುವಾಗ, ಅಮ್ಮ ಪೂರ್ತಿ ಹೋಗಿಲ್ಲ, ಸ್ವಲ್ಪ ಬೆಂಗಳೂರಿನಲ್ಲಿದ್ದಾರೆ ಎಂದು ಒಂದು ಹುಚ್ಚು ಯೋಚನೆ ಬಂತು. ಯಾರಿಗೂ ಹೇಳಲಿಲ್ಲ.

2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಪಿ-ಟೌ 217ನ್ನು ಅಮಿಲಾಯ್ಡಿನ ಜೊತೆ ಹೋಲಿಸಿ ಅಳೆಯುವ ಯಂತ್ರಪರೀಕ್ಷೆಗೆ ಮೊದಲ ಬಾರಿ ಒಪ್ಪಿಗೆ ಕೊಟ್ಟಿತು. ಜಪಾನಿನ ಫ್ಯೂಜಿರೆಬಿಯೋ ಕಂಪನಿಯ ಲ್ಯೂಮಿಪಲ್ಸ್ ಯಂತ್ರ. 499 ಜನರಲ್ಲಿ ನೋಡಿದಾಗ, ಇದೆ ಎಂದು ಯಂತ್ರ ಹೇಳಿದವರಲ್ಲಿ ನೂರಕ್ಕೆ 91.7 ಜನರಿಗೆ ಸ್ಕ್ಯಾನಿನಲ್ಲಿ ಅಥವಾ ಬೆನ್ನುಹುರಿಯ ನೀರಿನಲ್ಲಿ ಅಮಿಲಾಯ್ಡ್ ಇರುವುದು ಕಂಡಿತು; ಇಲ್ಲ ಎಂದವರಲ್ಲಿ 97.3 ಜನರಿಗೆ ಇರಲಿಲ್ಲ. ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಕಡಿಮೆ ಜನರಿಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬ ಉತ್ತರ. ಒಪ್ಪಿಗೆ ಕೊಟ್ಟದ್ದು 55 ದಾಟಿ ಮರೆವಿನ ಲಕ್ಷಣ ಇರುವವರಿಗೆ ಮಾತ್ರ; ನನ್ನಂತೆ ಲಕ್ಷಣವಿಲ್ಲದವರು ಸುಮ್ಮನೆ ನೋಡಿಸಿಕೊಳ್ಳುವುದಕ್ಕಲ್ಲ.

ಪೇಪರಿನಲ್ಲಿ ಓದಿದ ಮಗಳು ಆ ರಾತ್ರಿಯೇ ಫೋನ್ ಮಾಡಿದಳು.

“ಅಮ್ಮಾ, ಆಗ ನಿನ್ನ ರಕ್ತವನ್ನೂ ತಗೊಂಡಿದ್ದರಲ್ಲ, ಏನು ಬಂತು?”

“ನಾನು ಬೇಡ ಅಂತ ಬರೆದಿದ್ದೆ ಕಣೇ.”

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನನ್ನನ್ನು ಒಂದು ಮಾತು ಕೇಳಬಹುದಿತ್ತು” ಎಂದಳು.

ನಾನು ನನ್ನ ವಾದವನ್ನೆಲ್ಲ ಹೂಡಿದೆ. ಕಸ ಇದ್ದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಎಂದೇನಿಲ್ಲ. 2023ರಲ್ಲಿ, 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಗಳೂ ಕಾಯಿಲೆಯನ್ನು ಒಂದಿಷ್ಟು ನಿಧಾನ ಮಾಡುತ್ತವೆಯೇ ಹೊರತು ವಾಸಿ ಮಾಡುವುದಿಲ್ಲ. ಯಂತ್ರವೂ ಒಮ್ಮೊಮ್ಮೆ ಸುಳ್ಳು ಹೇಳುತ್ತದೆ ಎಂದು ಮೇಷ್ಟ್ರು ಹೇಳಿದ ಕತೆಯನ್ನೂ ಒಪ್ಪಿಸಿದೆ. ಕೆಲವರ ರಕ್ತದಲ್ಲಿ ತಾವಾಗಿಯೇ ಇರುವ ಬೇರೆ ಪ್ರತಿಕಾಯಗಳು ಆ ಎರಡು ಪ್ರತಿಕಾಯಗಳನ್ನು ವಸ್ತುವೇ ಇಲ್ಲದೆ ಹೊಂದಿಸಿಬಿಡುತ್ತವೆ. ಬಸಿರಿನ ಹಾರ್ಮೋನು ಹೀಗೆ ಇಲ್ಲದೆಯೇ ಇದೆ ಎಂದು ಬಂದು, ಕ್ಯಾನ್ಸರ್ ಎಂದು ಭಾವಿಸಲಾದ 12 ಹೆಂಗಸರ ವಿಷಯ 2000ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅವರಲ್ಲಿ ಹೆಚ್ಚಿನವರಿಗೆ ಬೇಡದ ಶಸ್ತ್ರಚಿಕಿತ್ಸೆಯೋ ಕ್ಯಾನ್ಸರ್ ಔಷಧವೋ ಆಗಿಹೋಗಿತ್ತು. ಮೂತ್ರದಲ್ಲಿ ನೋಡಿದ್ದರೆ ಸುಳ್ಳು ಬಯಲಾಗುತ್ತಿತ್ತು, ಆ ಪ್ರತಿಕಾಯಗಳು ಮೂತ್ರಕ್ಕೆ ಇಳಿಯುವುದಿಲ್ಲ.

“ಅದೆಲ್ಲ ಸರಿ, ಮತ್ತೊಂದು ಸಲ ನೋಡಿಸಬೇಕು ಅನ್ನುವುದಕ್ಕೆ ಅದು ಕಾರಣ, ನೋಡಿಸಲೇಬಾರದು ಅನ್ನುವುದಕ್ಕಲ್ಲ” ಎಂದಳು. ಮಾತು ಕಲಿಸಿದವಳು ನಾನೇ.

ಅಜ್ಜಿಯ ಚೀಟಿಗಳ ನೆನಪು ಮಾಡಿದೆ. ಗೊತ್ತಿದ್ದ ಆ ಎರಡು ವರ್ಷ ಅಜ್ಜಿ ಎಷ್ಟು ನರಳಿದರು ನೋಡಿದೆಯಲ್ಲ ಎಂದೆ. ಅದಕ್ಕವಳು ಹೇಳಿದ್ದು ನನ್ನ ಬಾಯಿ ಕಟ್ಟಿತು. “ಗೊತ್ತಿದ್ದರಿಂದ ತಾನೇ ಅಮ್ಮಾ, ಪಾಸ್‌ಬುಕ್ಕು, ಮನೆ ಪತ್ರ ಎಲ್ಲ ತಂದು ನಿನ್ನ ಕೈಗೆ ಕೊಟ್ಟಿದ್ದು? ಅತ್ತಿಗೆಯಂದಿರಿಗೆ ಬಳೆ ಹಂಚಿದ್ದು? ನನ್ನನ್ನು ಕೂರಿಸಿಕೊಂಡು ಹಾಡುಗಳನ್ನೆಲ್ಲ ನೋಟ್‌ಬುಕ್ಕಿಗೆ ಬರೆಸಿದ್ದು? ನಾನು ಆಗ ಏನೋ ಅಜ್ಜಿಯ ಹುರುಪು ಅಂದುಕೊಂಡಿದ್ದೆ.” ಆ ನೋಟ್‌ಬುಕ್ಕು ನನಗೆ ನೆನಪೇ ಇರಲಿಲ್ಲ. ಚೀಟಿಗಳಲ್ಲಿ ನಾನು ಕಂಡದ್ದು ಹೆದರಿಕೆಯನ್ನು ಮಾತ್ರ. ಹೆದರಿಕೊಂಡೇ ಅಮ್ಮ ಮನೆಯನ್ನು ಓರಣ ಮಾಡಿ ಹೋದದ್ದನ್ನು ಕಾಣಲಿಲ್ಲ.

ಆದರೂ ನಾನು ಸೋತೆ ಎಂದು ಒಪ್ಪಲಾರೆ. ಅಮೆರಿಕದ ನ್ಯಾನ್ಸಿ ವೆಕ್ಸ್ಲರ್ ಎಂಬಾಕೆಯ ತಾಯಿ ಹಂಟಿಂಗ್ಟನ್ ಕಾಯಿಲೆಯಿಂದ 1978ರಲ್ಲಿ ತೀರಿಕೊಂಡರು. ತಾಯಿಗಿದ್ದರೆ ಮಗಳಿಗೆ ಬರುವ ಸಂಭವ ಅರ್ಧಕ್ಕರ್ಧ. ಈಕೆ ವೆನೆಜುವೆಲಾದ ಹಳ್ಳಿಗಳಿಗೆ ವರ್ಷ ವರ್ಷ ಹೋಗಿ ಸಾವಿರಾರು ಜನರ ರಕ್ತ ತಂದು, 1993ರಲ್ಲಿ ಅದರ ಜೀನು ಪತ್ತೆಯಾಗುವುದಕ್ಕೆ ಮುಖ್ಯ ಕಾರಣರಾದರು. ಪರೀಕ್ಷೆ ಬಂದ ಮೇಲೆ ತಾವು ಮಾತ್ರ ಮಾಡಿಸಿಕೊಳ್ಳಲಿಲ್ಲ. ತಮಗೂ ಆ ಕಾಯಿಲೆ ಇದೆ ಎಂದು 2020ರಲ್ಲಿ ಹೇಳಿದರು. ಆಕೆಯನ್ನು ಹೇಡಿ ಎನ್ನಲು ಯಾರಿಗೆ ಬಾಯಿ ಬಂದೀತು? ಆದರೆ ಆಕೆಗೆ ಮಕ್ಕಳಿರಲಿಲ್ಲ. ನನಗೊಬ್ಬ ಮಗಳಿದ್ದಾಳೆ. ನನ್ನ ಮುಂದಿನ ಹದಿನೈದು ವರ್ಷ ನನ್ನದೊಬ್ಬಳದೇ ಅಲ್ಲ, ನನ್ನನ್ನು ನೋಡಿಕೊಳ್ಳಬೇಕಾದವಳದೂ ಹೌದು. ಅಮ್ಮನ ‘ಬೇಡ’ವನ್ನು ದಾಟಿ ‘ಬೇಕು’ ಎಂದು ಸಹಿ ಹಾಕಿದವಳು ನಾನು. ಮಗಳ ‘ಬೇಕು’ವನ್ನು ಕೇಳದೆಯೇ ‘ಬೇಡ’ ಎಂದು ಗುರುತು ಹಾಕಿದವಳೂ ನಾನೇ. ಎರಡು ಸಲವೂ ಪೆನ್ನು ನನ್ನ ಕೈಯಲ್ಲಿತ್ತು ಅಷ್ಟೆ.

ಕಳೆದ ತಿಂಗಳು ಸಂಸ್ಥೆಯಿಂದ ಕಾಗದ ಬಂದಿದೆ. ಮೂರು ವರ್ಷವಾಯಿತು, ಎರಡನೆಯ ಸಲ ರಕ್ತ ಕೊಡಲು ಬರಬಹುದೇ ಎಂದು ಕೇಳಿದ್ದಾರೆ. ಹೊಸ ಒಪ್ಪಿಗೆ ಪತ್ರವನ್ನೂ ಕಳಿಸಿದ್ದಾರೆ; ಅದೇ ಏಳನೆಯ ಪುಟ, ಅದೇ ಎರಡು ಚೌಕ. ಈ ಸಲ ಖಾಲಿ ಬಿಟ್ಟು, ಮಗಳು ದೀಪಾವಳಿಗೆ ಬರುವವರೆಗೆ ಇರಲೆಂದು ಅಮ್ಮನ ನೋಟ್‌ಬುಕ್ಕಿನೊಳಗೆ ಇಟ್ಟಿದ್ದೇನೆ. ಅವಳಿಗೂ ಹೇಳಿದೆ, “ನೀನು ಬಾ, ಇಬ್ಬರೂ ಕೂತು ಹಾಕೋಣ” ಎಂದು. ನಾನು ಅಂದುಕೊಂಡದ್ದು ಅವಳು ಥಟ್ಟನೆ ‘ಬೇಕು ಅಂತ ಹಾಕು’ ಅನ್ನುತ್ತಾಳೆ ಎಂದು. ಅವಳು ತಡೆದು ತಡೆದು, “ಬಂದ ಮೇಲೆ ನೋಡೋಣಮ್ಮಾ. ಈಗ ನನಗೂ ಸ್ವಲ್ಪ ಭಯ ಆಗ್ತಿದೆ” ಎಂದಳು.